ಗಂಧೆ ಎದ್ದ ತೋಳು, ಗಂಡನ ಶರಟು

ನನಗೆ ಪಿತ್ತದ ಗಂಧೆ ಏಳುತ್ತಿದ್ದ ಕಾಲದಲ್ಲಿ ಮೈಗಿಂತ ಹೆಚ್ಚು ಉರಿಸಿದ್ದು ಜನರ ಬಾಯಿ. ತೊಂಬತ್ತರ ದಶಕದ ಕೊನೆ ಇರಬೇಕು. ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಇಡ್ಲಿ ಗಾಡಿ ಇತ್ತು. ಬೆಳಿಗ್ಗೆ ಆಟೋದವರು, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಇಂದಿರಾನಗರದ ಕಡೆ ಮನೆಗೆಲಸಕ್ಕೆ ಹೊರಟವರು ನಿಂತು ತಿನ್ನುತ್ತಿದ್ದರು. ಗಂಡ ಸತ್ತ ಮೇಲೆ ಒಲೆ ಉರಿದದ್ದು ಆ ಗಾಡಿಯಿಂದಲೇ. ಅದು ನಿಂತರೆ ನಾನೂ ಯಾರದೋ ಮನೆಯ ಪಾತ್ರೆ ತಿಕ್ಕಲು ಹೋಗಬೇಕಿತ್ತು. ಆ ಕೆಲಸ ನನ್ನ ಬಾಯಿಗೆ ಒಗ್ಗುವುದಿಲ್ಲ.

ಒಂದು ದಿನ ಚಟ್ನಿ ಹಾಕುತ್ತಿದ್ದಾಗ ಮೊಣಕೈ ಹತ್ತಿರ ನವೆ ಹತ್ತಿತು. ಕೆರೆದೆ. ಕೆರೆದ ಕಡೆ ಕೆಂಪಗೆ ಎದ್ದಿತು. ನೋಡನೋಡುತ್ತ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ತೋಳೆಲ್ಲ ಉಬ್ಬಿತು. ಮಧ್ಯಾಹ್ನಕ್ಕೆ ಗುರುತೂ ಇಲ್ಲದೆ ಇಳಿಯಿತು. ಮಾರನೆಯ ದಿನ ಇನ್ನೊಂದು ತೋಳಿನಲ್ಲಿ ಎದ್ದಿತು. ಆಮೇಲೆ ಅದಕ್ಕೆ ಬಿಡುವೇ ಇಲ್ಲ.

ಗಾರ್ಮೆಂಟ್ಸಿನ ಹೆಂಗಸೊಬ್ಬಳು ದಿನಾ ಬರುತ್ತಿದ್ದಳು. ನನ್ನ ಕೈ ನೋಡಿದವಳೇ ತಟ್ಟೆಯನ್ನು ಹಾಗೇ ಕೆಳಗಿಟ್ಟಳು.

"ಅಮ್ಮ ಬಂದಿರ್ಬೇಕು ಕಣೇ," ಎಂದಳು ಜೊತೆಗಿದ್ದವಳಿಗೆ, ನನಗೂ ಕೇಳುವ ಹಾಗೆ. "ಬೇವಿನ ಸೊಪ್ಪು ಇಟ್ಕೊಂಡು ಮನೇಲಿ ಬಿದ್ಕೊಳ್ಳೋದ್ ಬಿಟ್ಟು ಇಡ್ಲಿ ಮಾರ್ತಾಳೆ ನೋಡು."

"ಅಮ್ಮ ಅಲ್ಲಮ್ಮ, ಗಂಧೆ," ಎಂದೆ.

"ಏನೋ ಒಂದು. ನಮ್ಮನೇಲಿ ಮಗು ಇದೆ."

ಅವಳು ಹೋದಳು. ಅವಳ ಹಿಂದೆ ಅರ್ಧ ಗಲ್ಲಿ ಹೋಯಿತು. ಇಡ್ಲಿ ಮಿಕ್ಕು ಮನೆಗೆ ವಾಪಸ್ಸು ಬರತೊಡಗಿತು.

ಪಕ್ಕದ ಮನೆಯಲ್ಲೇ ನನ್ನ ನಾದಿನಿ ಇದ್ದಳು. ಸುದ್ದಿ ಕೇಳಿ ಕುರಿ ಕಂಬಳಿ ಹಿಡಿದುಕೊಂಡೇ ಬಂದಳು. ನಮ್ಮ ಕಡೆ ಗಂಧೆಗೆ ಅದೇ ಮದ್ದು, ಒರಟು ಕಂಬಳಿಯಿಂದ ಮೈ ಉಜ್ಜಿ, ಅದರ ಮೇಲೇ ಹೊರಳಾಡಿಸುವುದು.

"ಕಂಬಳಿಗೆ ಅಂಟ್ಕೊಂಡು ಹೊರಟೋಗತ್ತೆ ಅತ್ತಿಗೆ. ಹೊರಳು, ಇನ್ನೂ ಹೊರಳು!"

ಹೊರಳಿದೆ. ಗಂಧೆ ಹೋಗಲಿಲ್ಲ, ನೆಂಟರನ್ನೆಲ್ಲ ಕರೆದುಕೊಂಡು ಬಂತು. ತೋಳಿನಲ್ಲಿದ್ದದ್ದು ಬೆನ್ನಿಗೂ ತೊಡೆಗೂ ಹರಡಿತು. "ಒಳಗಿರೋದೆಲ್ಲ ಹೊರಗೆ ಬರ್ತಿದೆ, ಒಳ್ಳೇದೇ," ಎಂದಳು. ಅವಳ ಬುದ್ಧಿಗೆ ಬೆಂಕಿ ಹಾಕ.

ಆಮೇಲೆ ಬಾಯಿ ಇದ್ದವರೆಲ್ಲ ವೈದ್ಯರಾದರು. ಒಬ್ಬರು ಬದನೆಕಾಯಿ ಬಿಡು ಎಂದರು, ಬಿಟ್ಟೆ. ಒಬ್ಬರು ಒಣಮೀನು ಎಂದರು, ಅದನ್ನೂ ಬಿಟ್ಟೆ. ಮೊಟ್ಟೆ, ಕಡಲೆಕಾಯಿ, ಹುಳಿ, ಖಾರ ಎಲ್ಲ ಹೋಯಿತು. ಕೊನೆಗೆ ಉಳಿದದ್ದು ಗಂಜಿ. ದೊಡ್ಡಪತ್ರೆ ರಸ ಹಚ್ಚಿದೆ, ಜೀರಿಗೆ ಕಷಾಯ ಕುಡಿದೆ. ನಾಗನ ಕಲ್ಲಿಗೆ ಹಾಲೂ ಎರೆದೆ. ದೃಷ್ಟಿ ಎಂದು ನಾದಿನಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದರ ಘಾಟಿಗೆ ಗಲ್ಲಿಯೆಲ್ಲ ಕೆಮ್ಮಿತು. ಗಂಧೆ ಮಾತ್ರ ಜಗ್ಗಲಿಲ್ಲ.

ಸಾಕಾಗಿ ಗಂಡನ ಹಳೆಯ ತುಂಬುತೋಳಿನ ಶರಟು ತೆಗೆದು ಸೀರೆಯ ಮೇಲೆ ಹಾಕಿಕೊಂಡೆ. ಕೈ ಕಾಣದಿದ್ದರೆ ಮಾತೇ ಇಲ್ಲವಲ್ಲ. ನಿಜ, ವ್ಯಾಪಾರ ಮರಳಿ ಬಂತು. "ಹುಷಾರಾಯ್ತಾ ಅಕ್ಕ?" ಎಂದು ಅದೇ ಗಾರ್ಮೆಂಟ್ಸಿನವಳು ತಟ್ಟೆ ಚಾಚಿದಳು. ಹೂಂ ಎಂದೆ. ಮೈಮೇಲೆ ಆ ಪಾಲಿಯೆಸ್ಟರ್ ಬಟ್ಟೆ, ಎದುರಿಗೆ ಇಡ್ಲಿ ಪಾತ್ರೆಯ ಹಬೆ. ಬೆವರಿ ಬೆವರಿ ಮೈಯೆಲ್ಲ ಕೆಂಡ. ಕೆರೆಯುವ ಹಾಗೂ ಇಲ್ಲ, ಜನ ನೋಡುತ್ತಾರೆ. ಹಲ್ಲು ಕಚ್ಚಿಕೊಂಡು ಇಡ್ಲಿ ತೆಗೆಯುತ್ತಿದ್ದೆ.

ಒಂದು ಬೆಳಿಗ್ಗೆ ತುಟಿಯೇ ಊದಿಕೊಂಡಿತು. ಅದಕ್ಕೆ ಯಾವ ಶರಟು ತೊಡಿಸುವುದು? ಗಿರಾಕಿ ಆಟೋದವನು ನೋಡಿ ಗಾಬರಿಯಾದ.

"ಯಾರಕ್ಕಾ ಹೊಡೆದಿದ್ದು?"

"ಹೊಡೆಯೋನು ಸತ್ತು ವರ್ಷಗಳಾಯ್ತು. ಆಸ್ಪತ್ರೆಗೆ ನಡಿ."

ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿ ಮೊದಲು ಒಂದು ಸೂಜಿ ಚುಚ್ಚಿದರು. ತುಟಿ ಇಳಿದ ಮೇಲೆ ಚರ್ಮದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನವಳು.

"ಏನೇನು ತಿಂತೀರಿ?"

"ಏನೂ ತಿಂತಿಲ್ಲ ತಾಯಿ, ಎಲ್ಲಾ ಬಿಡಿಸಿದಾರೆ."

"ಮಾತ್ರೆ?"

ಸೊಂಟನೋವಿಗೆ ಮೆಡಿಕಲ್ ಶಾಪಿನವನು ಕೊಡುವ ಮಾತ್ರೆ ತೋರಿಸಿದೆ. ಅದನ್ನು ಎತ್ತಿಟ್ಟುಬಿಡಿ ಎಂದಳು. ಕೆಲವರಿಗೆ ಈ ನೋವಿನ ಮಾತ್ರೆಯಿಂದಲೇ ಗಂಧೆ ಹೆಚ್ಚಾಗುತ್ತದಂತೆ. ಕೆಲವರಿಗೆ ಶಾಖದಿಂದ, ಬಿಗಿ ಬಟ್ಟೆಯಿಂದ, ಎಲ್ಲೋ ಒಳಗಿರುವ ಸೋಂಕಿನಿಂದ, ಥೈರಾಯ್ಡಿನಿಂದ. ರಕ್ತಪರೀಕ್ಷೆಗೂ ಬರೆದಳು.

"ನಂಗೆ ಯಾವುದರಿಂದ, ಅದ್ ಹೇಳವ್ವ."

"ಎಷ್ಟೋ ಜನಕ್ಕೆ ಕಾರಣ ಸಿಗೋದೇ ಇಲ್ಲಮ್ಮ."

"ಅಷ್ಟು ಓದಿ ಇಷ್ಟೇನಾ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆಗ ಶರಟು ಅವಳ ಕಣ್ಣಿಗೆ ಬಿತ್ತು. ಯಾಕೆ ಹಾಕಿದ್ದೀರಿ ಎಂದಳು. ಹೇಳಿದೆ. ಕಂಬಳಿ ಸುದ್ದಿಯನ್ನೂ ಹೇಳಿದೆ. ಅವಳು ಹಣೆಗೆ ಕೈ ಹಚ್ಚಿಕೊಂಡಳು.

"ಇದು ಯಾರಿಗೂ ಅಂಟೋದಿಲ್ಲ. ಶರಟು ಬಿಚ್ಚಿ ಎಸೀರಿ. ಉಜ್ಜಬೇಡಿ, ಕೆರೀಬೇಡಿ. ನವೆ ಬಂದ್ರೆ ತಣ್ಣೀರು ಬಟ್ಟೆ ಇಡಿ. ಸಡಿಲವಾದ ಕಾಟನ್ ಹಾಕ್ಕೊಳ್ಳಿ. ಬರೆದಿರೋ ಮಾತ್ರೆ ದಿನಾ ತಗೊಳ್ಳಿ, ಗಂಧೆ ಇಲ್ದಿದ್ರೂ ತಗೊಳ್ಳಿ. ನಾಲಿಗೆ ಊದಿದ್ರೆ, ಉಸಿರು ಕಟ್ಟಿದ್ರೆ ಮಾತ್ರ ಒಂದು ನಿಮಿಷ ಕಾಯಬೇಡಿ, ಓಡಿ ಬನ್ನಿ."

ಬಿಚ್ಚಿ ಎಸೀರಿ ಅನ್ನುವುದು ಅವಳಿಗೆ ಸುಲಭ. ಗಾಡಿ ಅವಳದಲ್ಲವಲ್ಲ.

ಮಾರನೆಯ ದಿನ ಶರಟಿಲ್ಲದೆ ನಿಂತೆ. ಎರಡೂ ತೋಳಿನಲ್ಲಿ ಗಂಧೆ ಧಾರಾಳವಾಗಿ ಎದ್ದಿತ್ತು. ಗಾರ್ಮೆಂಟ್ಸಿನವಳು ಬಂದಳು, ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು.

"ಮತ್ತೆ ಬಂತಾ?"

"ಹೋಗಿದ್ರೆ ತಾನೆ ಮತ್ತೆ ಬರೋಕೆ? ಶರಟಿನೊಳಗೆ ಇತ್ತು. ಇಷ್ಟು ದಿನ ನೀನು ತಿಂದಿದ್ದು ಇದೇ ಕೈ ಇಡ್ಲಿ. ನಿಂಗೆ ಎದ್ದಿದೆಯಾ? ನಿನ್ ಮಗೂಗೆ ಎದ್ದಿದೆಯಾ?"

ಅವಳ ಮುಖ ಬಿಗಿಯಿತು. ಬೈಯುತ್ತಾಳೆ ಎಂದುಕೊಂಡೆ. ತನ್ನ ತೋಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹಿಂದೆ ನಿಂತಿದ್ದವರೂ ತಮ್ಮ ತಮ್ಮ ಕೈ ನೋಡಿಕೊಂಡರು.

"ಇಲ್ಲ," ಎಂದಳು.

"ಹಂಗಾದ್ರೆ ತಟ್ಟೆ ಹಿಡಿ. ಇಲ್ಲಾಂದ್ರೆ ಪಕ್ಕಕ್ಕೆ ಸರಿ, ಹಿಂದಿನೋರು ಕಾಯ್ತಿದಾರೆ."

ಇಬ್ಬರು ಗೊಣಗುತ್ತ ಹೋದರು, ಮತ್ತೆ ಬರಲೂ ಇಲ್ಲ. ಅವಳು ಹೋಗಲಿಲ್ಲ. ತಟ್ಟೆ ಹಿಡಿದಳು, ತಿನ್ನುತ್ತ ನಿಂತಳು. ಅವಳು ನಿಂತದ್ದು ನೋಡಿ ಉಳಿದವರೂ ನಿಂತರು.

ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಡಾಕ್ಟರಮ್ಮ ಬರೆದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದೆ. ಗಂಧೆ ಬರುಬರುತ್ತ ಕಡಿಮೆಯಾಯಿತು, ಪೂರ್ತಿ ಬಿಡಲು ವರ್ಷಗಳೇ ಬೇಕಾದವು. ಯಾಕೆ ಬಂತೋ, ಯಾಕೆ ಹೋಯಿತೋ ನನಗೆ ಗೊತ್ತಿಲ್ಲ. ಬದನೆಕಾಯಿ ತಿನ್ನುತ್ತೇನೆ, ಒಣಮೀನೂ ತಿನ್ನುತ್ತೇನೆ. ಆಸ್ಪತ್ರೆಗೆ ಓಡಿದ ಆ ಬೆಳಿಗ್ಗೆ ಬಿಟ್ಟರೆ ಗಾಡಿಯನ್ನು ಮಾತ್ರ ಒಂದು ದಿನವೂ ನಿಲ್ಲಿಸಲಿಲ್ಲ.