ಯಾವ ಕೈಲೆ ಬಡದ್ರು?

ಸಪ್ತಾಪುರದ ಆ ಮನೆಯಲ್ಲಿ ಅಂದು ನಾವು ಮೂವರೇ: ದೊಡ್ಡವ್ವ, ದೊಡ್ಡಪ್ಪ, ಹಿಂದಿನ ದಿನ ಬಂದು ಉಳಿದಿದ್ದ ನಾನು. ಶ್ರಾವಣದ ಸೋಮವಾರಗಳಲ್ಲಿ ಪೂಜೆ ಮುಗಿಯುವ ತನಕ ದೊಡ್ಡವ್ವನದು ಮೌನ. ಏನಿದ್ದರೂ ಕೈಸನ್ನೆ, ಕಣ್ಣುಸನ್ನೆ. "ವರ್ಷದಾಗ ನಾಕು ದಿನರ ಮನ್ಯಾಗ ಶಾಂತಿ ಇರ್ತೈತಿ ನೋಡು," ಎಂದು ದೊಡ್ಡಪ್ಪ ಆಕೆಗೆ ಕೇಳುವಂತೆಯೇ ಹೇಳುತ್ತಿದ್ದರು.

ನಾನು ತಡವಾಗಿ ಎದ್ದು ಬಂದಾಗ ದೊಡ್ಡವ್ವ ದೇವರ ಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ಬಿಲ್ವಪತ್ರೆ ಮಡಿಲಲ್ಲಿ ಚೆಲ್ಲಿತ್ತು. ಚಹಾ ಮಾಡಲೇ ಎಂದು ಕೇಳಿದೆ. ತಲೆಯಾಡಿಸಲಿಲ್ಲ.

"ಮಾತಾಡಸಬ್ಯಾಡೋ, ಮೌನ ಐತಿ," ಪಡಸಾಲೆಯಿಂದ ದೊಡ್ಡಪ್ಪ ಕೂಗಿದರು.

"ಮೌನ ಅಲ್ಲ್ರಿ ದೊಡ್ಡಪ್ಪ! ಬಾಯಿ ಸೊಟ್ಟಾಗೇತ್ರಿ!"

ಕಾರಿನಲ್ಲಿ ಹುಬ್ಬಳ್ಳಿಯ ವಿದ್ಯಾನಗರದ ತನಕ ದೊಡ್ಡಪ್ಪ ಆಕೆಯ ಬಲಗೈ ತಿಕ್ಕುತ್ತಲೇ ಇದ್ದರು. ಲಕ್ವಾ, ಪಾರ್ಶ್ವವಾಯು ಎಂಬ ಮಾತನ್ನು ನಾವಿಬ್ಬರೂ ಬಾಯಿಗೆ ತರಲಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಸಿ ಬಂದ ಡಾಕ್ಟರಮ್ಮ ನಿಂತುಕೊಂಡೇ ಹೇಳಿದರು. "ಮಿದುಳಿನ ನಾಳದಾಗ ರಕ್ತ ಹೆಪ್ಪುಗಟ್ಟಿ ಕೂತೈತ್ರಿ. ಅದನ್ನ ಕರಗಿಸೋ ಇಂಜೆಕ್ಷನ್ ಐತಿ. ಆದ್ರ ಶುರು ಆಗಿ ನಾಲ್ಕೂವರೆ ತಾಸಿನೊಳಗ ಕೊಡಬೇಕು. ಕಡೀಕ ಯಾವಾಗ ನೆಟ್ಟಗಿದ್ರು?"

"ನಿನ್ನಿ ರಾತ್ರಿ ಮಾತಾಡ್ಯಾಳ್ರಿ," ಎಂದರು ದೊಡ್ಡಪ್ಪ.

"ಇವತ್ತು ಮುಂಜಾನಿ?"

"ಮೌನ ಇತ್ತಲ್ರಿ."

"ಹಂಗಾದ್ರ ನಿನ್ನಿ ರಾತ್ರಿ ಅಂತನ ಹಿಡೀಬೇಕಾಕ್ಕೈತಿ. ಇಂಜೆಕ್ಷನ್ ಕೊಡಾಕ ಬರಂಗಿಲ್ಲ."

ಡಾಕ್ಟರಮ್ಮ ಬಿಡಲಿಲ್ಲ. "ಮಾತು ಬಿಡ್ರಿ ಅಜ್ಜಾರ. ಕೈಕಾಲು ಆಡಿಸಿದ್ದರ ನೋಡೀರೇನು?"

ಸಕ್ಕರೆ ಕಾಯಿಲೆಯ ದೊಡ್ಡಪ್ಪ ನನ್ನನ್ನು ನೋಡಿದರು, ನೆಲ ನೋಡಿದರು. "ಬಡದಾಳ್ರಿ."

"ಯಾರಿಗೆ?"

"ನನಗರಿ. ನೈವೇದ್ಯದ ಉಂಡಿ ಕದ್ದಿದ್ದೆ. ಸೌಟ್ಲೆ ಕೊಟ್ಲು."

"ಯಾವ ಕೈಲೆ ಬಡದ್ರು?"

"ಬಲಗೈಲೆ. ಜೋರ್ ಬಿತ್ರಿ." ಅಂಗಿಯ ತೋಳು ಏರಿಸಿ ಕೆಂಪು ಬರೆ ತೋರಿಸಿದರು. "ರೇಡಿಯೋದಾಗ ಮುಂಜಾನಿ ಏಳರ ವಾರ್ತಾ ಶುರು ಆಗಿತ್ತು. ಉಂಡಿ ಕಸಗೊಂಡು ನೆಟ್ಟಗ ನಡಕೋತ ದೇವರ ಮನಿಗೆ ಹೋದ್ಲು."

ಡಾಕ್ಟರಮ್ಮ ಗಡಿಯಾರ ನೋಡಿದರು; ಹತ್ತು ಇನ್ನೂ ಆಗಿರಲಿಲ್ಲ. "ಟೈಮ್ ಐತಿ. ಆದ್ರ ಒಂದು ಮಾತು. ಕೊಟ್ಟ ಮ್ಯಾಲೆ ಕೆಲವರಿಗೆ ಮಿದುಳಿನಾಗ ರಕ್ತ ಸೋರತೈತಿ. ಜೀವಕ್ಕೂ ಬರಬಹುದು. ಲಗೂ ಹೇಳ್ರಿ."

ದೊಡ್ಡಪ್ಪ ನನ್ನತ್ತ ತಿರುಗಿದರು. "ನೀ ಹೇಳಪಾ." ನಾನು ದೊಡ್ಡವ್ವನತ್ತ ನೋಡಿದೆ. ಅವರು ದೊಡ್ಡವ್ವನ ಕಿವಿಯ ಹತ್ತಿರ ಬಾಗಿ, "ಸಹಿ ಮಾಡ್ಲೇನು?" ಎಂದರು. ಆಕೆಯ ಎಡಗೈ ಅವರ ಅಂಗಿಯನ್ನು ಗಟ್ಟಿಯಾಗಿ ಹಿಡಿಯಿತು. ಸಹಿ ಮಾಡಿದರು.

ನೀರಿನಂಥ ಔಷಧ, ಅಷ್ಟೇ. ನರ್ಸ್ ಮತ್ತೆ ಮತ್ತೆ ಬಂದು, "ಅಮ್ಮಾರ, ಬಲಗೈ ಎತ್ರಿ," ಎನ್ನುತ್ತಿದ್ದಳು. ಕೈ ಏಳುತ್ತಿರಲಿಲ್ಲ. ಆಕೆ ಕಣ್ಣು ಮುಚ್ಚಿದಾಗೆಲ್ಲ ಒಳಗೆ ರಕ್ತ ಸೋರಿತೇ ಎಂದು ನಾನು ಎದ್ದು ನಿಲ್ಲುತ್ತಿದ್ದೆ. ಮಧ್ಯಾಹ್ನ ಹಾಸಿಗೆಯ ಮೇಲೆ ಎರಡು ಬೆರಳು ಅಲುಗಿದವು. ಮಾತು ಅಷ್ಟು ಬೇಗ ಬರಲಿಲ್ಲ. ಬಂದದ್ದೂ ತೊದಲು.

ಆ ವರ್ಷದ ದಸರೆಯ ಸಂಜೆ ದೊಡ್ಡವ್ವ ಕೋಲೂರಿಕೊಂಡು ಓಣಿಗೆ ಇಳಿದಳು. ಪ್ರತಿ ಬಾಗಿಲಲ್ಲೂ ನಿಂತು, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು," ಎಂದು ತಡವರಿಸುತ್ತ ಪೂರ್ತಿ ಹೇಳಿಯೇ ಎಲೆ ಕೊಟ್ಟಳು. ನಾಲ್ಕನೆಯ ಮನೆಗೆ ಸುಸ್ತಾಗಿ ಕಟ್ಟೆಯ ಮೇಲೆ ಕುಳಿತಳು. ಉಳಿದ ಮನೆಯವರು ಅಲ್ಲಿಗೇ ಬಂದು ಬನ್ನಿ ತೆಗೆದುಕೊಂಡು ಹೋದರು.