ಶನಿವಾರದ ಸಾಲಿನಲ್ಲಿ ತೆಗೆದ ಫೋಟೊ

ಬೆಂಗಳೂರಿನಲ್ಲಿ ನನಗೆ ಮೊದಲ ಸಲ ನಗಲು ಹೇಳಿದವರ ಒಂದು ಕೈಯಲ್ಲಿ ಅಕ್ಕಿ ಚೀಲವಿತ್ತು, ಇನ್ನೊಂದು ಕೈಯಲ್ಲಿ ಮೊಬೈಲು. "ಅಮ್ಮಾ, ಸ್ವಲ್ಪ ಈ ಕಡೆ ತಿರುಗಿ. ಸ್ವಲ್ಪ ನಗಿ," ಎಂದರು. ನಮ್ಮ ಬೀದರಿನಲ್ಲಿ ಗುರುತಿಲ್ಲದ ಗಂಡಸು ಹೀಗೆ ಹೇಳಿದ್ದರೆ ಮುಖ ತಿರುಗಿಸಿ ನಡೆದುಬಿಡುತ್ತಿದ್ದೆ. ಆದರೆ ಚಾಮರಾಜಪೇಟೆಯ ಆ ಚರ್ಚಿನ ಹಾಲಿನಲ್ಲಿ, ಆ ಶನಿವಾರ ಬೆಳಿಗ್ಗೆ, ಚೀಲ ಇನ್ನೂ ಅವರ ಕೈಯಲ್ಲೇ ಇತ್ತು. ನಕ್ಕೆ.

ನನ್ನ ಗಂಡ ಮಾರುತಿಗೆ ಇಲ್ಲಿನ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ನಾವು ಊರು ಬಿಟ್ಟವರು. ಮನೆ ಹುಡುಕಲು ಹೋದಲ್ಲೆಲ್ಲ "ನೀವು ಯಾವ ಜನ?" ಎಂಬ ಪ್ರಶ್ನೆ. ನಮ್ಮ ಕಡೆಯೂ ಕೇಳುತ್ತಾರೆ, ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾರೆ. ಇಲ್ಲಿ ಕೂರಿಸಿ, ಕಾಫಿ ಕೊಟ್ಟು ಕೇಳುತ್ತಾರೆ. ಬೌದ್ಧರು ಎಂದರೆ, "ಒಳ್ಳೇದು, ಆದ್ರೆ ಮನೆ ಆಗ್ಲೇ ಬೇರೆಯವ್ರಿಗೆ ಮಾತಾಗಿದೆ" ಎನ್ನುತ್ತಿದ್ದರು. ಕೊನೆಗೆ ಒಂದು ವಠಾರದಲ್ಲಿ ಜಾಗ ಸಿಕ್ಕಿತು. ವಠಾರವೆಂದರೆ ಒಂದೇ ಅಂಗಳ, ಒಂದೇ ನಲ್ಲಿ, ಸುತ್ತ ಎಂಟು ಬಾಡಿಗೆ ಮನೆಗಳು. ನನ್ನ ಮಾತು ಕೇಳಿ ಪಕ್ಕದ ಮನೆಯ ಲಕ್ಷ್ಮಮ್ಮ "ನೀವು ಮರಾಠಿನಾ?" ಅಂದರು. ಕನ್ನಡ ಆಡುತ್ತಲೇ ಕನ್ನಡದವಳೆಂದು ನಂಬಿಸಬೇಕಾಯಿತು. ಜೋಳದ ರೊಟ್ಟಿ ಬಡಿದರೆ ಆ ಸಪ್ಪಳಕ್ಕೆ ಆಚೆಯಿಂದ ಗೋಡೆ ತಟ್ಟುತ್ತಿದ್ದರು. ಅನ್ನ-ಸಾರು ಕಲಿತೆ.

ವರ್ಷ ತುಂಬುವುದರೊಳಗೆ ಕಾಗದ ಕತ್ತರಿಸುವ ಯಂತ್ರ ಮಾರುತಿಯ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಅಂಗಡಿಯವರು ಮತ್ತೆ ಕರೆಯಲಿಲ್ಲ. ನಾನು ಮನೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹಚ್ಚುತ್ತಿದ್ದೆ. ಊರಿಗೆ ಫೋನ್ ಮಾಡಿದಾಗ ಮಾತ್ರ ಟೈಲರ್ ಅಂಗಡಿ ಇಟ್ಟಿದ್ದೇನೆ ಎಂದಿದ್ದೆ. ಅವ್ವ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಚರ್ಚಿನ ದಾರಿ ತೋರಿಸಿದ್ದು ಲಕ್ಷ್ಮಮ್ಮನೇ. ಅಲ್ಲಿ ನಿವೃತ್ತ ಮೇಷ್ಟರು, ನರ್ಸುಗಳು, ಗುಮಾಸ್ತರು ಸೇರಿ ಕಷ್ಟದಲ್ಲಿರುವವರಿಗೆ ಪ್ರತಿ ಶನಿವಾರ ಅಕ್ಕಿ, ಬೇಳೆ, ಎಣ್ಣೆ, ಸೋಪು ಕೊಡುತ್ತಾರೆ. ಸಂಬಳವಿಲ್ಲದ ಸೇವೆ. ಯಾರ ಜಾತಿಯನ್ನೂ ಕೇಳುವುದಿಲ್ಲ, ಈ ಊರಿನಲ್ಲಿ ನನಗೆ ಅದೇ ಮೊದಲು. ನಡೆಸುತ್ತಿದ್ದವರು ನಿವೃತ್ತ ಟೀಚರ್ ಸ್ಟೆಲ್ಲಾ ಮಿಸ್. ಫೋಟೊ ತೆಗೆಯುತ್ತಿದ್ದವರು ಜಯರಾಜ್ ಸರ್.

ಅವರು ಆ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕಿದ ಮೇಲೆ ನಾಲ್ಕನೆಯ ದಿನ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಫೋನ್ ಮಾಡಿದಳು.

"ಸುಜಾತಾ, ಫೇಸ್‌ಬುಕ್ಕಿನಾಗ ನಿನ್ನ ಫೋಟೊ ನೋಡಿದಿವಿ. ಅಕ್ಕಿ ಚೀಲ ಹಿಡ್ಕೊಂಡು ಭಾಳ ಛಂದ ನಗಲತ್ತಿ. ಕುಬಸಕ್ಕ ಬಂದ ಮಂದಿಗೆಲ್ಲ ತೋರ್ಸಿನಿ. ನಿಮ್ಮವ್ವಗೂ ತೋರ್ಸಿನಿ."

ಕುಬಸವೆಂದರೆ ನಮ್ಮ ಕಡೆಯ ಸೀಮಂತ, ಓಣಿಯೆಲ್ಲ ಸೇರುತ್ತದೆ. ಅಂದಿನಿಂದ ಅವ್ವ ನನ್ನ ಫೋನಿಗೆ ಬರಲಿಲ್ಲ.

ವೈನಿ ದೂರವಿದ್ದಳು. ಜಯರಾಜ್ ಸರ್ ಹತ್ತಿರವಿದ್ದರು. ಸ್ಟೆಲ್ಲಾ ಮಿಸ್ ಬಳಿ ಹೋಗಿ, ಚೀಲ ಹೊಲಿದುಕೊಡುತ್ತೇನೆ, ಹಂಚಲೂ ಬರುತ್ತೇನೆ ಎಂದೆ. ದೇವರು ನನ್ನ ಮನಸ್ಸು ಮುಟ್ಟಿದನೆಂದು ಅವರು ತಿಳಿದರು. ಹಾಗೇನಿರಲಿಲ್ಲ. ಆ ಮನುಷ್ಯನನ್ನು ನಾಲ್ಕು ಜನರೆದುರು ನಿಲ್ಲಿಸಬೇಕಿತ್ತು, ಅಷ್ಟೇ. ಎಂಟು ತಿಂಗಳು ಅಕ್ಕಿ ಅಳೆದೆ. ಅವರು "ನಗಿ" ಎಂದಾಗಲೆಲ್ಲ ಸಾಲಿನವರ ಮುಖ ನೋಡಿದೆ. ಬಿನ್ನಿಪೇಟೆಯಿಂದ ನಡೆದು ಬಂದಿದ್ದ ಒಬ್ಬಾಕೆ ಮೊಬೈಲು ಕಂಡದ್ದೇ ಸೆರಗು ಮುಖಕ್ಕೆಳೆದುಕೊಂಡು ಬರಿಗೈಯಲ್ಲಿ ತಿರುಗಿ ಹೋದಳು. ನನ್ನ ಸಿಟ್ಟಿಗೆ ಆಕೆಯದ್ದೂ ಸೇರಿತು.

ವರ್ಷದ ವಂದನೆಯ ಸಭೆ ಬಂತು. ತಮಗಾದ ಉಪಕಾರವನ್ನು ಎದ್ದು ನಿಂತು ಹೇಳುವುದಕ್ಕೆ ಅಲ್ಲಿ ಸಾಕ್ಷಿ ಎನ್ನುತ್ತಾರೆ. ನನ್ನನ್ನು ಕರೆದರು. ಜಯರಾಜ್ ಸರ್ ವೇದಿಕೆಗೆ ಬರಲಿ ಎಂದೆ. ಸನ್ಮಾನವೆಂದುಕೊಂಡು ಬಂದರು. ಅವರ ಹೆಂಡತಿ, ಮಗಳು ಮೊದಲ ಸಾಲಿನಲ್ಲಿದ್ದರು. ಕೈಗೆ ಅಕ್ಕಿ ಚೀಲ ಕೊಟ್ಟು ನನ್ನ ಮೊಬೈಲು ತೆಗೆದೆ.

"ನಗ್ರಿ ಸರ್. ಇದನ್ನ ನಿಮ್ಮ ಊರಿನವರಿಗೆ ಕಳಸ್ತೀನಿ. ಜಯರಾಜ್ ಅಕ್ಕಿ ಬೇಡಿದ್ರು ಅಂತ ಬರೀತೀನಿ."

ಅವರು ಚೀಲ ಕೆಳಗಿಟ್ಟರು. "ಏನಮ್ಮಾ ಇದು? ಫೋಟೋ ಇಲ್ದಿದ್ರೆ ದಾನಿಗಳು ಕೊಡಲ್ಲಮ್ಮಾ," ಎಂದರು, ಬಹಳ ಮೆತ್ತಗೆ.

"ಹಂಗಾದ್ರ ಅವರಿಗೆ ಈ ಫೋಟೊನೇ ಕಳಸ್ರಿ."

ನನ್ನ ಅವ್ವ ಮಾತು ಬಿಟ್ಟದ್ದನ್ನೂ ಹೇಳಿದೆ. ಮಗಳು ತಲೆ ತಗ್ಗಿಸಿದಳು. ನನಗೆ ಸಂತೋಷವಾಯಿತು. ಆಮೇಲೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ನಿಮಗೆ ಹಿತವಾಗಬಹುದು, ಆದರೆ ಅದು ಸುಳ್ಳು.

ಸಭೆ ಮುಗಿದ ಮೇಲೆ ಹಾಲಿನ ಹಿಂದೆ ಸ್ಟೆಲ್ಲಾ ಮಿಸ್ ನನ್ನನ್ನು ತಡೆದು ನಿಲ್ಲಿಸಿದರು. "ನೀನು ಹೇಳಿದ್ದು ಸರಿ. ಹೇಳಿದ ರೀತಿ ಸರಿ ಇಲ್ಲ. ನಡೆಯಕ್ಕಾಗ್ದೋರ ಮನೆಗೆಲ್ಲ ಸ್ಕೂಟರಲ್ಲಿ ಚೀಲ ಹೊತ್ಕೊಂಡು ಹೋಗ್ತಿದ್ದಿದ್ದು ಯಾರು? ಅವ್ರೇ. ನಾಳೆಯಿಂದ ಯಾರು ಹೋಗ್ತಾರೆ?"

"ನಾ ಹೋಗ್ತೀನ್ರಿ."

ಜಯರಾಜ್ ಸರ್ ಮತ್ತೆ ಬರಲಿಲ್ಲ. ಹಳೆಯ ಫೋಟೊಗಳನ್ನೆಲ್ಲ ಚರ್ಚಿನವರು ಅಳಿಸಿದರು, ಹೊಸದಾಗಿ ಯಾರೂ ತೆಗೆಯಲಿಲ್ಲ. ಜಯರಾಜ್ ಸರ್ ಹೇಳಿದ್ದೂ ನಿಜವಾಯಿತು. ದಾನಿಗಳು ಕಡಿಮೆಯಾಗಿ, ಚೀಲದಿಂದ ಎಣ್ಣೆ ಮಾಯವಾಯಿತು. "ನಿನ್ನ ರೋಷಕ್ಕೆ ನಮ್ಮ ಎಣ್ಣೆ ಹೋಯ್ತಲ್ಲಮ್ಮಾ," ಎಂದು ಲಕ್ಷ್ಮಮ್ಮ ಸಾಲಿನಲ್ಲೇ ಗೊಣಗಿದರು. ಈಗ ಪ್ರತಿ ಶುಕ್ರವಾರ ಕೃಷ್ಣರಾಜ ಮಾರುಕಟ್ಟೆಯಲ್ಲಿ ಅಂಗಡಿ ಅಂಗಡಿ ತಿರುಗಿ ಉಳಿದ ತರಕಾರಿ ಕೇಳಿ ತರುತ್ತೇನೆ. ನಡೆಯಲಾಗದವರ ಮನೆಗೆ ಮಾರುತಿ ಎಡಗೈಯಲ್ಲಿ ಚೀಲ ಹಿಡಿದು ನನ್ನ ಜೊತೆ ಬರುತ್ತಾನೆ. ಹಾಲಿನಲ್ಲಿ ಪ್ರಾರ್ಥನೆಯಾಗುವಾಗ ನಾನು ಕಣ್ಣು ತೆರೆದೇ ನಿಂತಿರುತ್ತೇನೆ. ಯಾರೂ ಆಕ್ಷೇಪಿಸುವುದಿಲ್ಲ. ಅಲ್ಲಿ ನಾನು "ಬೀದರ್ ಸುಜಾತಾ".

ಹೋದ ತಿಂಗಳು ಊರಿಗೆ ಹೋಗಿದ್ದೆ. ಓಣಿಯ ಹೆಂಗಸರು "ಬೆಂಗಳೂರಿನಾಕಿ ಬಂದಾಳ" ಎಂದರು. ಸಾರಿನ ಜೊತೆ ಅನ್ನ ಕೇಳಿದ್ದಕ್ಕೆ ವೈನಿ ನಕ್ಕಳು. ಅವ್ವ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಾ ಕೇಳಿದಳು, "ತಿರುಗಿ ಯಾವಾಗ ಹೋಗ್ತಿ?"

"ಗುರುವಾರ. ಶನಿವಾರ ಸಾಲು ಇರ್ತದವ್ವ."

"ಸಾಲಿನಾಗ ನೀ ಈ ಕಡೆ ನಿಂದರ್ತಿಯೋ, ಆ ಕಡೆಯೋ?"

"ಎರಡೂ ಕಡೆ. ಮೊದಲ ಹಂಚ್ತೀನಿ. ಆಮ್ಯಾಲ ಒಂದು ಚೀಲ ನಾನೂ ತಗೋತೀನಿ."

ಅವ್ವ ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, "ಅದನ್ನ ನಿನ್ನ ವೈನಿಗಿ ಹೇಳಬ್ಯಾಡ," ಎಂದಳು.

ಹೇಳಲಿಲ್ಲ. ಬರೆದಿದ್ದೇನೆ. ಇದನ್ನು ನಮ್ಮೂರಿನಲ್ಲಿ ಎಲ್ಲರಿಗಿಂತ ಮೊದಲು ಓದುವವಳು ವೈನಿಯೇ.