ನೀರಿಗೆ ಕಳೆದ ತೂಕ

ಊಟಿ ಪಕ್ಕದ ನಮ್ಮ ಹಟ್ಟಿಯಲ್ಲಿ ಟೀ ಎಲೆ ತೂಗುವ ತಕ್ಕಡಿಯಲ್ಲೇ ನಾವು ಮಕ್ಕಳೂ ತೂಗಿಸಿಕೊಂಡು ಬೆಳೆದೆವು. ಫ್ಯಾಕ್ಟರಿಯ ಲಾರಿ ಬಂದು, ಎಲೆ ತೂಗುವವನು ಶೆಡ್ಡಿನ ತೊಲೆಗೆ ತಕ್ಕಡಿ ನೇತುಹಾಕಿದರೆ ಸಾಕು, ಅಪ್ಪ ನಮ್ಮಲ್ಲೊಬ್ಬರನ್ನು ಹಿಡಿದು ಖಾಲಿ ಚೀಲದೊಳಗೆ ಕೂರಿಸಿ ಕೊಕ್ಕೆಗೆ ಸಿಕ್ಕಿಸಿಬಿಡುತ್ತಿದ್ದರು. ಅಮ್ಮ ಬಯ್ದಷ್ಟೂ ಅವರ ನಗು ಜೋರಾಗುತ್ತಿತ್ತು.

ಮಳೆಗೆ ನೆನೆದ ಎಲೆಯಾದರೆ ನೀರಿನ ಲೆಕ್ಕವೆಂದು ಒಂದಿಷ್ಟು ತೂಕ ಕಳೆಯುವುದು ಫ್ಯಾಕ್ಟರಿಯವರ ಪದ್ಧತಿ. ಉಳಿದ ಬೆಳೆಗಾರರೆಲ್ಲ ಅದಕ್ಕೆ ಜಗಳ ಕಾಯುತ್ತಿದ್ದರು. ಅಪ್ಪ ಮಾತ್ರ ಚೀಲದಲ್ಲಿ ನೇತಾಡುತ್ತಿದ್ದ ನನ್ನನ್ನು ತೋರಿಸಿ, "ತಮ್ಮಾ, ಈ ಕೂಸು ಈಗ ತಾನೆ ಮಿಂದು ಬಂದಿದೆ. ನೀರಿಗೆ ಎರಡು ಕಿಲೋ ಕಳಿ," ಎನ್ನುತ್ತಿದ್ದರು. ತೂಗುವವನು ಮುಖ ಸಿಂಡರಿಸುತ್ತಿದ್ದ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಬೇಗ ದೊಡ್ಡವಳಾಗಬೇಕೆಂದು ಕಷ್ಟಪಟ್ಟು ಹಾಲು ಕುಡಿದವಳು ನಾನು. ಎರಡು ಕಿಲೋ ಸುಮ್ಮನೆ ಹೋಗುವುದೆಂದರೇನು!

ಮದುವೆಯಾಗಿ ಗೂಡಲೂರು ಸೇರಿದ ನಾನು, ಅಪ್ಪ ತೀರಿಕೊಂಡ ಮರುವರ್ಷ ಪುಟ್ಟ ಮಗಳ ಜೊತೆ ಹಟ್ಟಿಗೆ ಹೋಗಿದ್ದೆ. ಒಳ್ಳೆಯ ಬಿಸಿಲಿತ್ತು. ಲಾರಿ ಬಂತು, ಅದೇ ತೂಗುವವನು. ಈಗ ಅವನ ತಲೆಯೂ ನರೆತಿದೆ. ಎಲ್ಲರ ಎಲೆ ತೂಗಿ ಮುಗಿದರೂ ಅವನು ತಕ್ಕಡಿ ಇಳಿಸಲಿಲ್ಲ. ಖಾಲಿ ಚೀಲವೊಂದನ್ನು ಚೆನ್ನಾಗಿ ಕೊಡವಿ, ಬಾಯಿ ಅಗಲಿಸಿ ಹಿಡಿದು, ನನ್ನ ಮಗಳತ್ತ ನೋಡಿದ. ನಾನು ಅವಳನ್ನೆತ್ತಿ ಅದರೊಳಗೆ ಕೂರಿಸಿದೆ. ಅವಳು ಕೇಕೆ ಹಾಕಿ ನಕ್ಕಳು.

ಮುಳ್ಳು ನಿಲ್ಲುವವರೆಗೂ ಅವನು ಕಾದ. ಆಮೇಲೆ ನನ್ನ ಕಡೆ ತಿರುಗಿ, ಒಂಚೂರೂ ನಗದೆ ಕೇಳಿದ: "ಏನಮ್ಮಾ, ಕೂಸು ಮಿಂದು ಬಂದಿದೆಯಾ?"